ಎರಡು ದ್ವೀಪಗಳ ನಡುವಿನ ಅರ್ಧ ಗಂಟೆ

ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆಯಲ್ಲಿ ಧಾರವಾಡದ ಕಡೆಯ ಒಬ್ಬ ಅಕ್ಕ ಇದ್ದರು. ಅವರ ಮಗಳು ಎಲ್ಲೋ ದೂರದ ಸಾಗರದಲ್ಲಿ, ಎರಡು ಪುಟ್ಟ ದ್ವೀಪಗಳ ನಡುವೆ ಸಣ್ಣ ವಿಮಾನ ಹಾರಿಸುತ್ತಿದ್ದಳು. ಅರ್ಧ ಗಂಟೆಯ ದಾರಿ, ಕೆಳಗೆ ಬರೀ ನೀರು. ಅಷ್ಟು ಹೊತ್ತೂ ಅಕ್ಕ ಮೊಬೈಲಿನ ನಕ್ಷೆಯಲ್ಲಿ ವಿಮಾನದ ಗುರುತನ್ನೇ ನೋಡುತ್ತ ನಿಂತಿರುತ್ತಿದ್ದರು. ಯಾರು ಮಾತಾಡಿಸಿದರೂ ಒಂದೇ ಉತ್ತರ: "ಇನ್ನೂ ನೀರಿನ ಮ್ಯಾಲೇ ಐತ್ರಿ."

ಒಂದು ಬೆಳಿಗ್ಗೆ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಬಾಗಿಲು ಬಡಿದರು. ಆ ಗುರುತು ನಡುನೀರಿನಲ್ಲಿ ಮಾಯವಾಗಿತ್ತು.

"ಸಿಗ್ನಲ್ ಸಿಕ್ಕಿರಲ್ಲ ಅಕ್ಕಾ, ಕೂತ್ಕೊಳ್ಳಿ," ಎಂದೆ.

ಅವರು ಕೂರಲಿಲ್ಲ. ಅರ್ಧ ಗಂಟೆ ಮುಗಿದು ಎಷ್ಟೋ ಹೊತ್ತಾದರೂ ಮಗಳ ಫೋನ್ ಸ್ವಿಚ್ ಆಫ್ ಆಗಿಯೇ ಇತ್ತು. ಅಕ್ಕನ ಬೆರಳುಗಳಲ್ಲಿ ಹಿಟ್ಟು ಒಣಗಿ ಉದುರುತ್ತಿತ್ತು. ಕೊನೆಗೆ ಫೋನ್ ಬಂತು.

"ಅವ್ವಾ, ಆ ಕಡೆ ಮಂಜು ಭಾಳ ಇತ್ತು. ಇಳಿಯಾಕ ಆಗ್ಲಿಲ್ಲ, ಹೊಳ್ಳಿ ಬಂದ್ವಿ. ಆರಾಮ ಅದೀನಿ."

ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಮತ್ತ ಯಾವಾಗ ಹೊಂಡ್ತಿ?"

"ಮಂಜು ಸರಿದ ಕೂಡ್ಲೆ."

ಫೋನ್ ಇಟ್ಟವರು ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ನಿಮ್ಮ ಚಾರ್ಜರ್ ಕೊಡ್ರಿ. ಇದು ಆರಾಕ ಬಂದೈತಿ."