ಅಳುತ್ತಾ ಫೋನ್ ಮಾಡಬೇಡಿ

ನನ್ನ ಬಾಯಿ ಮೊದಲಿನಿಂದಲೂ ಜೋರು. ಮಧುಗಿರಿಯ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪ್ರತಿವರ್ಷ ಫಲಿತಾಂಶ ಬಂದಮೇಲೆ, ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳನ್ನು ಒಂದು ದಿನ ಕೂರಿಸಿಕೊಂಡು ಸ್ಕಾಲರ್‌ಶಿಪ್ ಅರ್ಜಿ ತುಂಬುವುದರಿಂದ ಹಿಡಿದು ಹಾಸ್ಟೆಲ್ ಬಕೆಟ್ಟಿಗೆ ಹೆಸರು ಬರೆಯುವತನಕ ಎಲ್ಲ ಹೇಳಿಕೊಡುತ್ತೇನೆ. ಕೊನೆಗೊಂದು ಕಟ್ಟಪ್ಪಣೆ: "ಮೂರು ತಿಂಗಳು ಯಾರೂ ನನಗೆ ಅಳುತ್ತಾ ಫೋನ್ ಮಾಡಕೂಡದು. ಅತ್ತರೆ ಇಟ್ಟುಬಿಡ್ತೀನಿ." ಹಿಂದೊಮ್ಮೆ ಪುರವರದ ಹುಡುಗಿಯೊಬ್ಬಳು ಅತ್ತಳೆಂದು ಕರಗಿ, ಅವಳಪ್ಪನನ್ನು ಕಳಿಸಿ ಊರಿಗೆ ಕರೆಸಿದ್ದೆ. ಅವಳು ಮತ್ತೆ ಓದಲು ಹೋಗಲೇ ಇಲ್ಲ. ಅಂದಿನಿಂದ ಈ ಅಪ್ಪಣೆ.

ಹೋದ ವರ್ಷದ ಗುಂಪಿನಲ್ಲಿ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ಹುಡುಗಿ ಇದ್ದಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತಂದೆ ಇಲ್ಲ, ತಾಯಿ ಸೋಲಾರ್ ಹಲಗೆ ತೊಳೆಯುವ ಕೂಲಿಗೆ ಹೋಗುತ್ತಿದ್ದಳು. ದೂರದ ವಿಶ್ವವಿದ್ಯಾಲಯದಲ್ಲಿ ಹುಡುಗಿಗೆ ಬಿಎ ಸೀಟು ಸಿಕ್ಕಾಗ ಅವಳಿಗಿಂತ ನಾನೇ ಹೆಚ್ಚು ಬೀಗಿದೆ.

"ಅಲ್ಲಿ ಎಲ್ಲಾ ಇಂಗ್ಲಿಷ್‌ನಾಗೆ ಅಂತೆ ಮೇಡಂ" ಅಂದಳು.

"ಹದಿನೈದು ದಿನದಲ್ಲಿ ತಾನಾಗೇ ಬರುತ್ತೆ, ಹೋಗೇ" ಎಂದು ಗದರಿಸಿ ಕಳಿಸಿದೆ.

ಭಾನುವಾರ ಬಂತೆಂದರೆ ಅವಳ ಫೋನ್. ಊಟ ಚೆನ್ನಾಗೈತೆ, ರೂಮ್ ಚೆನ್ನಾಗೈತೆ, ಪಾಠ ಚೆನ್ನಾಗೈತೆ. ಮಾತಿಗೊಂದು ನಗು. ಸ್ಟಾಫ್ ರೂಮಿನಲ್ಲಿ ನಾನು ಅವಳ ವಿಷಯ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ದೀಪಾವಳಿ ಕಳೆದಮೇಲೆ ನೆಂಟರ ಮದುವೆಗೆ ಸೀರೆ ತರಲು ಶಿರಾಕ್ಕೆ ಹೋದೆ. ಅಂಗಡಿಯ ಮಹಡಿಯಲ್ಲಿ, ಕೆಲಸದ ಹುಡುಗಿಯರ ನೀಲಿ ಬಟ್ಟೆಯಲ್ಲಿ, ಸೀರೆ ಮಡಿಸುತ್ತಾ ಅವಳೇ ನಿಂತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಸೀರೆ ಬಿಟ್ಟಳು.

"ಯಾವಾಗಿಂದ ಇಲ್ಲಿದ್ದೀಯ?"

"ಎರಡು ತಿಂಗಳಾತು ಮೇಡಂ."

ಕ್ಲಾಸಿನಲ್ಲಿ ಏನೋ ಕೇಳಿದರಂತೆ. ಇವಳಿಗೆ ಉತ್ತರ ಗೊತ್ತಿತ್ತು. ಎದ್ದು ನಿಂತು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದಳು. ಹಿಂದಿನ ಸಾಲಿನವರು ನಕ್ಕರು. ಮಾರನೆಯ ದಿನ ರೂಮಿನಲ್ಲೇ ಉಳಿದಳು, ಅದರ ಮಾರನೆಯ ದಿನವೂ. ವಾರ ಕಳೆದಮೇಲೆ ಶಿರಾದ ಗೆಳತಿಯೊಬ್ಬಳು ಇಲ್ಲಿ ಕೆಲಸ ಕೊಡಿಸಿದಳು. ತಾಯಿಗೆ ಹೇಳಿಲ್ಲ. ನನಗೆ ಭಾನುವಾರದ ಫೋನೂ ಇಲ್ಲಿಂದಲೇ ಬರುತ್ತಿತ್ತು.

"ನನಗೊಂದು ಮಾತು ಹೇಳಬಾರದಿತ್ತೇನೇ?" ನನ್ನ ದನಿ ಏರಿತು. ನಾಲ್ಕು ಗಿರಾಕಿಗಳು ತಿರುಗಿ ನೋಡಿದರು.

"ಫೋನ್ ಮಾಡಿದ್ದೆ ಮೇಡಂ. ರೂಮ್‌ನಾಗೇ ಇದ್ದ ಆ ವಾರ, ಬುಧವಾರ ಮಾಡಿದ್ದೆ. ನಿಮ್ ದನಿ ಕೇಳ್ತಿದ್ದಂಗೆ ಅಳು ಬಂದ್ಬುಡ್ತು. ನೀವು ಬೈತೀರ ಅಂತ ಕಟ್ ಮಾಡ್ಬುಟ್ಟೆ."

ಆ ಬುಧವಾರ ನನಗೆ ನೆನಪಿದೆ. ಎರಡು ಸಲ ಹಲೋ ಅಂದೆ. ಮಾತಿಲ್ಲ. ಸಿಗ್ನಲ್ ಇಲ್ಲವೆಂದುಕೊಂಡು ಉತ್ತರಪತ್ರಿಕೆ ತಿದ್ದಲು ಕೂತೆ. ತಿರುಗಿ ಒಂದು ಫೋನ್ ಮಾಡಲು ನನಗೇನು ಬಂದಿತ್ತು ಕೇಡು?

ಸೀರೆ ಕೊಳ್ಳದೆ ಇಳಿದು ಬಂದೆ. ಮರುದಿನವೇ ಆ ವಿಶ್ವವಿದ್ಯಾಲಯಕ್ಕೆ ಹೋಗಿ ಕಂಡಕಂಡವರನ್ನು ಬೇಡಿಕೊಂಡೆ. ಹಾಜರಿ ಸಾಲದು, ಈ ವರ್ಷ ಆಗುವುದಿಲ್ಲ ಎಂದರು. ಮತ್ತೆ ಸೀರೆ ಅಂಗಡಿಗೆ ಹೋಗಿ, ಮುಂದಿನ ವರ್ಷ ಮತ್ತೆ ಸೇರುತ್ತೀಯಾ ಎಂದು ಹುಡುಗಿಯನ್ನು ಕೇಳಿದೆ. "ಬೇಡ ಮೇಡಂ, ಇಲ್ಲಿ ಯಾರೂ ನಗಲ್ಲ" ಅಂದಳು. ತಾಯಿಗೆ ಹೇಳಲು ತನ್ನ ಕೈಲಾಗದು, ನೀವೇ ಹೇಳಿ ಅಂದಳು.

ಭಾನುವಾರ ಪಾವಗಡದ ಬಸ್ಸು ಹತ್ತಿದೆ. ತಾಯಿ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಮಗಳ ಮೇಡಂ ಮನೆಗೆ ಬಂದಳೆಂಬ ಸಂಭ್ರಮಕ್ಕೆ ಚಾಪೆ ಕೊಡವಿ ಹಾಸಿದಳು. ನಾನು ಎಲ್ಲವನ್ನೂ ಹೇಳಿದೆ, ನನ್ನ ಅಪ್ಪಣೆಯನ್ನೂ ಸೇರಿಸಿ. ಬೈಯಲಿ ಎಂದು ಕಾದೆ. ಆಕೆ ಸೀಟಿನ ಮಾತೆತ್ತಲಿಲ್ಲ, ಓದಿನ ಮಾತೆತ್ತಲಿಲ್ಲ. ಇಷ್ಟೇ ಕೇಳಿದಳು:

"ಅಂಗಾರೆ ಆ ವಾರವೆಲ್ಲ ನನ್ ಕೂಸು ರೂಮ್‌ನಾಗೆ ಒಬ್ಬಳೇ ಇತ್ತಾ, ಮೇಡಮ್ಮ?"

ಹೌದು ಅಂದೆ.