ಮದರಂಗಿ ಹಚ್ಚಿ ಓಟಿಗೆ ಹೋದ ದಾದಿ

ಹಸಿ ಮದರಂಗಿಯ ವಾಸನೆ ಎಲ್ಲಿಯಾದರೂ ಮೂಗಿಗೆ ತಾಕಿದರೆ ಸಾಕು, ಈಗಲೂ ನಾನು ಬರೋಡಾದ ಆ ಓಣಿಯ ಮನೆಗೆ, ಫೆಬ್ರುವರಿಯ ಎಳೆಬಿಸಿಲು ಬೀಳುತ್ತಿದ್ದ ಅಂಗಳಕ್ಕೆ ಹೋಗಿಬಿಡುತ್ತೇನೆ. ಅಲ್ಲಿ ನನ್ನ ದಾದಿ, ಅಂದರೆ ತಂದೆಯ ತಾಯಿ, ಕಾಲು ಚಾಚಿ ಕೂತು ಒರಳಲ್ಲಿ ಅರೆದ ಎಲೆಯನ್ನು ಉಗುರಿಗೆ ಮೆತ್ತಿಕೊಳ್ಳುತ್ತಿದ್ದಳು. ತಂತಿ ಕಚೇರಿಯಲ್ಲಿದ್ದ ಅಬ್ಬಾಗೆ ವರ್ಗವಾಗಿ ನಾವು ಧಾರವಾಡ ಬಿಟ್ಟು ಬಂದಿದ್ದೆವು. ಹತ್ತಿ ಹಿಂಜುವ ಮನೆತನದವರಾದ ನಮಗೆ ಕನ್ನಡವೇ ಮನೆಮಾತು. ಹೊರಗೆ ಗುಜರಾತಿ ಕಲಿತು ಬಂದ ನನ್ನ ನಾಲಿಗೆಯನ್ನು ಸಂಜೆಯೊಳಗೆ ದಾದಿ ಮತ್ತೆ ಧಾರವಾಡಕ್ಕೆ ತಿರುಗಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು, ಈಗ ಇರಲಾರಳು.

ದಾದಿಯ ಕಿರಿಯ ಮಗ, ನನ್ನ ಚಾಚಾ, ದೇಶ ಇಬ್ಭಾಗವಾದಾಗ ಕರಾಚಿಗೆ ಹೋಗಿದ್ದರು. ತಾಯಿಯನ್ನು ಬಾ ಬಾ ಎಂದು ಕರೆಯುತ್ತಲೇ ಇದ್ದರು. ಇವತ್ತಲ್ಲ ನಾಳೆ ಮುದುಕಿ ಹೊರಡುತ್ತಾಳೆಂದೇ ಓಣಿಯವರೂ ನಂಬಿದ್ದರು. ಆ ಮಾತು ಕೇಳಿದಾಗಲೆಲ್ಲ ದಾದಿಯ ಮುಖ ಸಣ್ಣದಾಗುತ್ತಿತ್ತು. ಅರವತ್ತೆರಡರಲ್ಲಿ ಚುನಾವಣೆ ಬಂದಾಗ, ಓಟು ಹಾಕಿಯೇ ಎಲ್ಲರಿಗೂ ಉತ್ತರ ಕೊಡುತ್ತೇನೆ ಎಂದು ಹಟ ಹಿಡಿದಳು. ರಮಜಾನಿನ ಉಪವಾಸ, ರೋಜಾ ಹಿಡಿದು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ ಎಂದು ಅಬ್ಬಾ ಹೇಳಿ ನೋಡಿದರು.

"ಓಟು ಅಂದ್ರ ಸಾಕ್ಷಿ ಹೇಳೂದು. ನಾ ಈ ಮಣ್ಣಿನಾಕಿ ಅಂತ ಸಾಕ್ಷಿ. ಅದನ್ನ ಮುಚ್ಚಿಟ್ರ ಅಲ್ಲಾಗ ಏನ್ ಮುಖಾ ತೋರಿಸ್ಲಿ?" ಎಂದಳು.

ಆದರೆ ಬೆರಳಿಗೆ ಅಳಿಸದ ಶಾಯಿ ಹಚ್ಚುತ್ತಾರೆಂಬ ಸುದ್ದಿ ಅವಳ ನಿದ್ದೆ ಕೆಡಿಸಿತು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವಜೂ ಮಾಡುವಾಗ ಉಗುರಿಗೆ ನೀರು ತಾಕದಿದ್ದರೆ ನಮಾಜೇ ಆಗದು. ಅದೂ ರಮಜಾನಿನಲ್ಲಿ! ಮಸೀದಿಯ ಮೌಲವಿಯನ್ನು ಅಬ್ಬಾ ಕೇಳಿ ಬಂದರು. ಮದರಂಗಿಯಂತೆ ಅದೂ ಬರೀ ಬಣ್ಣ, ನೀರನ್ನು ತಡೆಯದು ಎಂದರಂತೆ. ದಾದಿ ಹಿಡಿದ ಮೊಲಕ್ಕೆ ಮೂರೇ ಕಾಲು. ಮೌಲವಿಯ ಮಾತಿಗೆ ತನ್ನದೊಂದು ತೀರ್ಪು ಸೇರಿಸಿದಳು: ಅಡಿಯಲ್ಲಿ ಮದರಂಗಿ ಇದ್ದರೆ ಶಾಯಿ ಅದರ ಮೇಲೇ ಕೂರುತ್ತದೆ, ಉಗುರಿಗೆ ಇಳಿಯುವುದಿಲ್ಲ. ಹಾಗಾಗಿ ಓಟಿನ ಹಿಂದಿನ ದಿನ ಮಧ್ಯಾಹ್ನ ಉಗುರೆಲ್ಲ ಕಪ್ಪಾಗುವಷ್ಟು ಹಚ್ಚಿಕೊಂಡಳು.

ಮತಗಟ್ಟೆ ನಮ್ಮ ಶಾಲೆಯಲ್ಲೇ ಇತ್ತು. ಬುರ್ಖಾದ ಅಂಚು ಹಿಡಿದು ನಾನೂ ಸಾಲಿನಲ್ಲಿದ್ದೆ. ಬೇವಿನ ಮರದ ನೆರಳು, ಹೆಂಗಸರ ಪಿಸುಮಾತು, ದಾದಿಯ ಒಣಗಿದ ತುಟಿ, ಎಲ್ಲವೂ ಕನಸಿನಲ್ಲಿ ಕಂಡಂತೆ ನೆನಪಿದೆ. ಶಾಯಿ ಹಚ್ಚುವ ಗುಮಾಸ್ತ ಅವಳ ಎಡಗೈ ಬೆರಳನ್ನು ನೋಡಿದವನೇ ಹುಬ್ಬು ಗಂಟಿಕ್ಕಿದ. ಈಗಾಗಲೇ ಒಂದು ಕಡೆ ಹಾಕಿ ಬಂದು ಅಳಿಸಿಕೊಂಡಿದ್ದೀರಿ, ಪಕ್ಕಕ್ಕೆ ನಿಲ್ಲಿ ಎಂದ. ದಾದಿಗೆ ಗುಜರಾತಿ ಅರ್ಧ ಅರ್ಥವಾಗುತ್ತಿತ್ತು, ಆ ಅರ್ಧವೇ ಸಾಕಾಯಿತು. ನನಗೆ ಅಳು ಬಂತು. ದಾದಿ ಮಾತ್ರ ಎರಡೂ ಕೈ ಮೇಜಿನ ಮೇಲೆ ಹರಡಿ, ಸಿಟ್ಟು ಬಂದಾಗ ಅವಳಿಗೆ ಬರುತ್ತಿದ್ದ ಒಂದೇ ಭಾಷೆಯಲ್ಲಿ ಹೇಳಿದಳು: "ಹತ್ತೂ ಬೆರಳು ನೋಡಪಾ. ಹತ್ತು ಸಲ ಹಾಕೀನೇನು?"

ಅವನಿಗೆ ಕನ್ನಡ ತಿಳಿಯಲಿಲ್ಲ, ಬೆರಳು ತಿಳಿದವು. ಸಾಲಿನಲ್ಲಿದ್ದ ಪಕ್ಕದ ಮನೆಯ ಶಾಂತಾಬೆನ್ ನಕ್ಕು, ಇದು ಮೆಹೆಂದಿಯಪ್ಪಾ, ನಮ್ಮ ಓಣಿಯ ಅಜ್ಜಿ ಎಂದು ಬಿಡಿಸಿ ಹೇಳಿದಳು. ಗುಮಾಸ್ತ ನಾಚಿ ಎದ್ದು ನಿಂತೇ ಶಾಯಿ ಹಚ್ಚಿದ. ಹೊರಗೆ ಬಂದ ದಾದಿ ಬೇವಿನ ಬುಡದಲ್ಲಿ ಕೂತು ಶಾಯಿಯ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಓಣಿಯ ಅಜ್ಜಿ ಅಂದಳಲ್ಲ ಎಂದು ಆಮೇಲೊಮ್ಮೆ ತನ್ನಷ್ಟಕ್ಕೇ ಹೇಳಿಕೊಂಡಳು. ಅಷ್ಟು ಸಂತೋಷದ ಮುಖವನ್ನು ನಾನು ಮತ್ತೆ ಅವಳಲ್ಲಿ ನೋಡಲಿಲ್ಲ.

ಮುಂದಿನ ಚುನಾವಣೆಗೆ ದಾದಿ ಇರಲಿಲ್ಲ. ನಡುವೆ ಪಾಕಿಸ್ತಾನದ ಜೊತೆ ಯುದ್ಧವಾಗಿ ಕರಾಚಿಯ ಕರೆಯೂ ನಿಂತುಹೋಗಿತ್ತು. ಓಟಿನ ಸಾಲಿನಲ್ಲಿ ಪಕ್ಕದ ಓಣಿಯ ಹಿರಿಯರೊಬ್ಬರು, ಕೆಟ್ಟ ಮನಸ್ಸಿನಿಂದೇನಲ್ಲ, ನಿಮ್ಮ ತಾಯಿ ಕಡೆಗೂ ಕಿರಿಯ ಮಗನ ಹತ್ತಿರ ಹೋದರೇ ಎಂದು ಅಬ್ಬಾರನ್ನು ಕೇಳಿದರು. ಅಬ್ಬಾ ಖಬರಸ್ತಾನದ ಗೋರಿಗಳಿಗೆ ನೆರಳಾಗಿದ್ದ ಹುಣಸೆಮರಗಳ ಕಡೆ ಕೈ ತೋರಿಸಿ, ಆ ಹಿರಿಯರ ಗುಜರಾತಿಯಲ್ಲೇ ಹೇಳಿದರು:

"ಇಲ್ಲ ಭಾಯಿ, ಇಲ್ಲೇ ಇದ್ದಾರೆ."