ಅಕ್ಕನ ಅಂಗಳದ ಪಕ್ಕದ ಮೂರನೇ ಮಹಡಿ

ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವ ಆಕೆಯನ್ನು ಎಲ್ಲರೂ ಗೆರೆ ಮೇಡಂ ಎಂದೇ ಕರೆಯುತ್ತಿದ್ದರು. ಊರಿನ ಬೀದಿ, ಚರಂಡಿಗಳೆಲ್ಲ ಅವಳ ಕೈಯಿಂದಲೇ ಕಾಗದಕ್ಕಿಳಿದಿದ್ದವು. ಅವಳಿದ್ದದ್ದು ಮಾತ್ರ ಊರಾಚೆಯ ಬಾಡಿಗೆ ಮನೆಯಲ್ಲಿ. ಬಸ್ಸು ಬದಲಿಸಿ ಕಚೇರಿ ಮುಟ್ಟುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಊರು ಹೊಲಗಳನ್ನು ನುಂಗುತ್ತ ಹೋಗುವುದು ಬೇಡ, ಇರುವ ಬೀದಿಗಳಲ್ಲೇ ಹೆಚ್ಚು ಮನೆಗಳಿಗೆ ಜಾಗ ಮಾಡೋಣ ಎಂದು ಸರ್ಕಾರ ಹೊಸ ನೀತಿ ತಂದಿತು. ನಡುಪೇಟೆಯಲ್ಲಿ ಇನ್ನು ಮುಂದೆ ಮೂರು ಮಹಡಿಯವರೆಗೆ ಕಟ್ಟಬಹುದಿತ್ತು. ಅದರ ನಕ್ಷೆ ಬರೆದವಳೂ ಗೆರೆ ಮೇಡಮ್ಮೇ. ಅವಳ ಅಕ್ಕ ಅಲ್ಲೇ ಅಂಗಳದ ಬಿಸಿಲಲ್ಲಿ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು.

ಆಕ್ಷೇಪಣೆ ಕೇಳುವ ಸಭೆಯಲ್ಲಿ ಮೊದಲು ಎದ್ದವಳು ಅಕ್ಕನೇ. "ಪಕ್ಕದ ಖಾಲಿ ಸೈಟಲ್ಲಿ ಮಹಡಿ ಎದ್ರೆ ನನಗೆ ಬಿಸಿಲೆಲ್ಲಿ? ಈ ನಕ್ಷೆ ಬರೆದವರಿಗೆ ಅಕ್ಕತಂಗಿ ಯಾರೂ ಇಲ್ವಾ?"

ಅಧಿಕಾರಿಗಳ ಸಾಲಿನಲ್ಲಿದ್ದ ಗೆರೆ ಮೇಡಂ ಅದನ್ನೂ ಆಕ್ಷೇಪಣೆಗಳ ಪಟ್ಟಿಗೆ ಬರೆದುಕೊಂಡಳು. ಭಾನುವಾರ ಅಕ್ಕನ ಮನೆಗೆ ಹೋದಳು.

"ಊರಿಗೆಲ್ಲ ಮನೆ ಮಾಡಿಕೊಡೋಕೆ ನೀನ್ಯಾರೇ?"

"ಊರಿಗಷ್ಟೇ ಅಲ್ಲಕ್ಕಾ, ನನಗೂ ಬೇಕು. ಈ ಪೇಟೇಲಿ ಇರೋವೇ ನಾಲ್ಕು ಮನೆ, ಬಾಡಿಗೆ ನೋಡಿದ್ರೆ ಮುಗಿಲಿಗೆ."

"ನಮ್ಮನೇಲೇ ಇರು ಅಂತ ಎಷ್ಟು ಸಲ ಬಡ್ಕೊಂಡಿಲ್ಲ?"

"ನಿನ್ನ ಜೊತೆ ಒಂದೇ ಸೂರಿನಡೀಲಿ? ವಾರದಲ್ಲೇ ಜುಟ್ಟು ಜುಟ್ಟು ಹಿಡ್ಕೋತೀವಿ."

ಅಕ್ಕನಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು.

ನೀತಿ ಜಾರಿಯಾಯಿತು. ಪಕ್ಕದ ಸೈಟಲ್ಲಿ ಕಟ್ಟಡ ಎದ್ದಿತು. ಕೆಳಗೆ ಒಬ್ಬ ನರ್ಸಿನ ಸಂಸಾರ, ನಡುವೆ ಬಸ್ ಡ್ರೈವರ್, ಮೇಲಿನ ಮನೆಗೆ ಗೆರೆ ಮೇಡಂ. ಮಧ್ಯಾಹ್ನವಾದರೆ ಅಂಗಳಕ್ಕೆ ನೆರಳು. ಅಕ್ಕ ಮಿಷನ್ನನ್ನು ಬೀದಿ ಬಾಗಿಲಿಗೆ ಎಳೆದುಕೊಂಡಳು, ತಂಗಿಯ ಜೊತೆ ಮಾತು ಬಿಟ್ಟಳು. ತಂಗಿ ದಿನಾ ಕೆಲಸಕ್ಕೆ ಹೋಗುವಾಗ "ಬರ್ತೀನಕ್ಕಾ" ಎನ್ನುವಳು. ಅಕ್ಕ ಸೂಜಿಗೆ ದಾರ ಪೋಣಿಸುವಳು.

ಒಂದು ಬೆಳಿಗ್ಗೆ ಅಕ್ಕ ಅಂಗಳದ ನಲ್ಲಿಯ ಬಳಿ ಜಾರಿ ಬಿದ್ದಳು. ಮೇಲಿನ ಕಿಟಕಿಯಿಂದ ಅದನ್ನು ಕಂಡ ತಂಗಿ ನರ್ಸನ್ನು ಕೂಗುತ್ತಲೇ ಮೆಟ್ಟಿಲಿಳಿದು, ಬೀದಿ ಸುತ್ತಿ ಓಡಿ ಬಂದಳು. ಕಾಲು ಮುರಿದಿರಲಿಲ್ಲ, ಉಳುಕಿತ್ತು. ನರ್ಸು ಪಟ್ಟಿ ಸುತ್ತಿದಳು.

"ಬಿಸಿಲು ಹೋಗಿದ್ದನ್ನ ನಾನು ಮರೆಯಲ್ಲ, ತಿಳ್ಕೋ," ಎಂದಳು ಅಕ್ಕ, ತಂಗಿಯ ಹೆಗಲ ಮೇಲೆ ಭಾರ ಬಿಟ್ಟು.

"ಮರೀಬೇಡ."

ಕಾಲು ನೆಟ್ಟಗಾದ ಮೇಲೆ, ನಡುವಿನ ಕಾಂಪೌಂಡಿಗೊಂದು ಬಾಗಿಲಿಡಿಸಲು ಅಕ್ಕ ತಾನೇ ಪಕ್ಕದ ಕಟ್ಟಡದ ಮಾಲೀಕನನ್ನು ಒಪ್ಪಿಸಿದಳು. ಗಾರೆಯವನು ಗೋಡೆ ಒಡೆಯಲು ಹಾರೆ ಎತ್ತಿದಾಗ ತಂಗಿಯ ಕಡೆ ತಿರುಗಿ, "ಇದಕ್ಕೂ ನಿಮ್ಮ ಆಫೀಸಿನವರ ಪರ್ಮಿಷನ್ ಬೇಕೇನೇ?" ಎಂದಳು.

"ಬೇಕಾಗುತ್ತೆ."

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದ್ದೀಯ? ಹೋಗಿ ತಗೊಂಡ್ ಬಾ."